ಬೆಲ್ಟಿನ ಮೇಲೂ ಅಕ್ಷರ ಇದೆ

ಮಿಲ್ಲು ನಿಂತಿತು

ನಮ್ಮದು ಕೊಡಗಿನ ಸುಂಟಿಕೊಪ್ಪದ ಕಡೆಯ ಒಂದು ಸಣ್ಣ ಊರು. ನಾವು ಹನ್ನೆರಡು ಮಂದಿ ಹೆಂಗಸರು. ಸಂಘ ಕಟ್ಟಿಕೊಂಡಿದ್ದೇವೆ. ನಮ್ಮಲ್ಲಿ ಹೆಚ್ಚಿನವರು ಕಾಫಿ ತೋಟದ ಕೆಲಸಕ್ಕೆ ಹೋಗುವವರು. ವಾರ ವಾರ ಉಳಿತಾಯ ಮಾಡಿದೆವು. ಬ್ಯಾಂಕಿನಲ್ಲಿ ಸಾಲ ತೆಗೆದೆವು. ಒಂದು ಹಿಟ್ಟಿನ ಮಿಲ್ಲು ಹಾಕಿದೆವು.

ಮಿಲ್ಲು ಓಡಿದರೆ ಸಾಲದ ಕಂತು ಕಟ್ಟುತ್ತೇವೆ. ಮಿಲ್ಲು ನಿಂತರೆ ಕಂತು ನಿಲ್ಲುವುದಿಲ್ಲ. ಅದು ತಿಂಗಳಿಗೆ ಸರಿಯಾಗಿ ಬಂದೇ ಬರುತ್ತದೆ.

ಆವತ್ತು ಆಗಸ್ಟ್ 29. ಜಿಟಿ ಜಿಟಿ ಮಳೆ. ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ. ಕೊಡವ ಭಾಷೆಯಲ್ಲಿ ಇದಕ್ಕೆ ಕೈಲ್ ಪೊಳ್ದ್ ಅನ್ನುತ್ತಾರೆ. ನಾಟಿ ಕೆಲಸ ಮುಗಿದ ಮೇಲೆ ಬರುವ ಹಬ್ಬ. ಆ ದಿನ ಆಯುಧಗಳಿಗೆ ಪೂಜೆ. ಮನೆ ಮನೆಯಲ್ಲೂ ಕಡಂಬುಟ್ಟು ಬೇಯಬೇಕು. ಕಡಂಬುಟ್ಟಿಗೆ ಅಕ್ಕಿ ತರಿ ಬೇಕು. ತರಿ ಮಾಡಿಸಲು ಅಕ್ಕಿ ಚೀಲಗಳು ಬಂದು ಸಾಲಾಗಿ ಕೂತಿದ್ದವು.

ಆಗ "ಪಟ್" ಅಂತ ಸದ್ದು ಬಂತು. ಮೋಟಾರು ತಿರುಗುತ್ತಿತ್ತು. ಮಿಲ್ಲು ಮಾತ್ರ ನಿಂತಿತ್ತು. ಸ್ವಿಚ್ಚು ಆರಿಸಿ ನೋಡಿದೆವು. ನಮ್ಮ ಮಿಲ್ಲಿಗೆ ಎರಡು ಬೆಲ್ಟು. ಒಂದು ಹರಿದು ಕೆಳಗೆ ಬಿದ್ದಿತ್ತು. ಇನ್ನೊಂದರ ಒಳಗೆಲ್ಲ ಬಿರುಕು.

ಮೊದಲ ಸಲ ಮಾಡಿದ ತಪ್ಪು

ಮಾರನೆಯ ದಿನ ಬೆಳಿಗ್ಗೆಯೇ ಇಬ್ಬರು ಪೇಟೆಗೆ ಹೋದರು. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಬಸ್ಸು ಪುಕ್ಕಟೆ. ಆದರೆ ದಿನ ಪುಕ್ಕಟೆ ಅಲ್ಲ. ಇಬ್ಬರ ಒಂದು ದಿನದ ಕೂಲಿ ಹೋಯಿತು.

ಅಂಗಡಿಯವರು ಕೇಳಿದರು, "ಯಾವ ಬೆಲ್ಟು?"

"ಹಿಟ್ಟಿನ ಮಿಲ್ಲಿಂದು. ಸುಮಾರು ಐದಡಿ."

"ಎ ಬೆಲ್ಟಾ, ಬಿ ಬೆಲ್ಟಾ?"

ಇವರಿಗೆ ಏನೂ ತಿಳಿಯಲಿಲ್ಲ. ಕೈ ಅಗಲಿಸಿ ತೋರಿಸಿದರು. ಅವರು ಅಂದಾಜಿನಲ್ಲಿ ಎರಡು ಬೆಲ್ಟು ಕೊಟ್ಟರು. ಇವರು ದುಡ್ಡು ಕೊಟ್ಟು ತಂದರು. ಬಿಲ್ಲು ಕೇಳಲಿಲ್ಲ.

ಸಂಜೆ ಬೆಲ್ಟು ಹಾಕಿದೆವು. ಬೆಲ್ಟು ತೆಳ್ಳಗಿತ್ತು. ಪುಲ್ಲಿಯ ಹಳ್ಳದಲ್ಲಿ ಕೆಳಕ್ಕೆ ಇಳಿದು ಕೂತಿತು. ಮಿಲ್ಲು ಶುರು ಮಾಡಿ ಅಕ್ಕಿ ಹಾಕಿದೆವು. ಬೆಲ್ಟು ಜಾರಿತು. ರಬ್ಬರು ಸುಟ್ಟ ವಾಸನೆ ಬಂತು. ಹೊಗೆಯೂ ಬಂತು. ಅರ್ಧ ಗಂಟೆಯಲ್ಲಿ ಹೊಸ ಬೆಲ್ಟು ಹಾಳಾಯಿತು.

ಓಡಿಸಿದ ಬೆಲ್ಟನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಅಂಗಡಿಯವರ ತಪ್ಪಲ್ಲ. ನಮಗೆ ಬೇಕಾದ ಬೆಲ್ಟು ಯಾವುದೆಂದು ನಾವೇ ಹೇಳಿರಲಿಲ್ಲ.

ಲೇತ್ ಮೇಸ್ತ್ರಿ ತೋರಿಸಿದ ದಾರಿ

ಪುಲ್ಲಿಯೇ ಸವೆದಿರಬೇಕು, ಹೊಸ ಪುಲ್ಲಿ ಮಾಡಿಸಬೇಕು ಎಂದು ಯಾರೋ ಹೇಳಿದರು. ನಮಗೆ ಭಯ ಆಯಿತು. ಅದಕ್ಕೆ ಎಷ್ಟು ಖರ್ಚೋ! ಹರಿದ ಬೆಲ್ಟನ್ನು ಚೀಲಕ್ಕೆ ಹಾಕಿಕೊಂಡು ಮೂವರು ಕುಶಾಲನಗರಕ್ಕೆ ಹೋದೆವು. ಅಲ್ಲಿ ಒಂದು ಲೇತ್ ವರ್ಕ್‌ಶಾಪ್ ಇತ್ತು.

ಲೇತ್ ಅಂದರೆ ಕಡೆಯುವ ಯಂತ್ರ. ಕಬ್ಬಿಣದ ತುಂಡನ್ನು ಯಂತ್ರ ಗರಗರ ತಿರುಗಿಸುತ್ತದೆ. ಹರಿತವಾದ ಉಳಿ ಅದನ್ನು ಹೆರೆಯುತ್ತದೆ. ತುಂಡು ಗುಂಡಗೆ, ನುಣ್ಣಗೆ ಆಗುತ್ತದೆ. ಮರ ಕಡೆಯುವ ಲೇತೂ ಇದೆ. ಚನ್ನಪಟ್ಟಣದ ಬಣ್ಣದ ಬೊಂಬೆಗಳನ್ನು ಅದರಲ್ಲೇ ಕಡೆಯುತ್ತಾರೆ. ಅಲ್ಲಿ ಹೆಂಗಸರೂ ಲೇತ್ ಮುಂದೆ ಕೂತು ಕೆಲಸ ಮಾಡುತ್ತಾರೆ.

ಮೇಸ್ತ್ರಿ ನಮ್ಮ ಮಾತು ಕೇಳಿದರು. ಪುಲ್ಲಿಯ ವಿಷಯ ಎತ್ತಲಿಲ್ಲ. ಹರಿದ ಬೆಲ್ಟು ಕೇಳಿದರು. ಒದ್ದೆ ಬಟ್ಟೆಯಿಂದ ಅದರ ಬೆನ್ನು ಒರೆಸಿದರು. ಬೆಳಕಿಗೆ ಓರೆಯಾಗಿ ಹಿಡಿದರು.

"ಇಲ್ಲಿ ಏನೋ ಬರೆದಿದೆ. ಓದಿ ನೋಡಿ ಅಕ್ಕ," ಅಂದರು.

ನಾವು ಬಗ್ಗಿ ನೋಡಿದೆವು. ಮಾಸಿದ ಬಿಳಿ ಬಣ್ಣದಲ್ಲಿ ಒಂದು ಅಕ್ಷರ. ಪಕ್ಕದಲ್ಲಿ ಅಂಕಿ. ಅಂಕಿಯನ್ನು ಮೂವರೂ ಒಟ್ಟಿಗೆ ಓದಿದೆವು. "ಅರವತ್ತನಾಲ್ಕು!" ಅಕ್ಷರ ಮಾತ್ರ ಇಂಗ್ಲಿಷಿನದು. ನಮ್ಮಲ್ಲಿ ಹಿರಿಯರೊಬ್ಬರು ಮೊಮ್ಮಗಳ ಪುಸ್ತಕದಲ್ಲಿ ಅದನ್ನು ಕಂಡಿದ್ದರು. "ಇದು ಬಿ ಅಲ್ವಾ ಅಣ್ಣ?" ಅಂದರು.

"ಹೌದು ಅಕ್ಕ. ನಿಮಗೆ ಬೇಕಾದ್ದು ಬಿ 64. ನೀವು ತಂದದ್ದು ಎ 62. ಅದಕ್ಕೇ ಜಾರಿತು. ನಿಮ್ಮ ಪುಲ್ಲಿ ಸರಿಯಾಗಿಯೇ ಇರಬೇಕು. ಮೊದಲು ಸರಿಯಾದ ಬೆಲ್ಟು ಹಾಕಿ ನೋಡಿ."

ಆಮೇಲೆ ತಮ್ಮ ಲೇತಿನ ಬೆಲ್ಟನ್ನೂ ತೋರಿಸಿದರು. ಅದರ ಮೇಲೂ ಒಂದು ಅಕ್ಷರ, ಒಂದು ಅಂಕಿ ಇತ್ತು. "ಲೇತ್ ಆಗಲಿ, ಹಿಟ್ಟಿನ ಮಿಲ್ಲಾಗಲಿ, ಕಾಫಿ ಪಲ್ಪರ್ ಆಗಲಿ, ಇಂಥ ಬೆಲ್ಟಿಗೆ ಲೆಕ್ಕ ಒಂದೇ. ಯಂತ್ರದ ಹೆಸರು ಹೇಳಿದರೆ ಸಾಲದು. ಅಕ್ಷರ, ಅಂಕಿ ಎರಡೂ ಹೇಳಬೇಕು," ಅಂದರು.

ನಾವು ನಾಚಿಕೊಂಡೆವು. ನಮಗೆ ಓದು ಬರುತ್ತಿತ್ತು. ಆದರೆ ಓದುವುದು ಪುಸ್ತಕದಲ್ಲಿ ಮಾತ್ರ ಅಂದುಕೊಂಡಿದ್ದೆವು. ಹರಿದ ಬೆಲ್ಟು ಎರಡು ದಿನ ನಮ್ಮ ಕಾಲ ಬುಡದಲ್ಲೇ ಬಿದ್ದಿತ್ತು. ನಾವು ಅದನ್ನು ತಿರುಗಿಸಿಯೂ ನೋಡಿರಲಿಲ್ಲ.

ಈ ಬೆಲ್ಟು ಹೇಗೆ ಕೆಲಸ ಮಾಡುತ್ತದೆ?

ಹೊಲಿಗೆ ಯಂತ್ರವನ್ನು ನೀವು ನೋಡಿದ್ದೀರಿ. ಕಾಲಿನಿಂದ ತುಳಿದರೆ ಕೆಳಗಿನ ಗಾಲಿ ತಿರುಗುತ್ತದೆ. ಚರ್ಮದ ಬೆಲ್ಟು ಮೇಲಿನ ಗಾಲಿಯನ್ನು ತಿರುಗಿಸುತ್ತದೆ. ಮಿಲ್ಲಿನಲ್ಲೂ ಹಾಗೆಯೇ. ಇಲ್ಲಿ ಕಾಲಿನ ಬದಲು ಮೋಟಾರು. ಬೆಲ್ಟು ಸುತ್ತುವ ಗಾಲಿಗೆ ಪುಲ್ಲಿ ಅನ್ನುತ್ತಾರೆ.

ಹೊಲಿಗೆ ಯಂತ್ರದ ಬೆಲ್ಟು ಹರಿದರೆ ಕೊಕ್ಕೆ ಹಾಕಿ ಜೋಡಿಸಬಹುದು. ಮಿಲ್ಲಿನ ಈ ಬೆಲ್ಟನ್ನು ಹೊಲಿದು, ತಂತಿ ಕಟ್ಟಿ ಜೋಡಿಸಬಾರದು. ಅದು ನಿಲ್ಲುವುದಿಲ್ಲ. ಬಿಚ್ಚಿ ಮುಖಕ್ಕೆ ಹೊಡೆಯಬಹುದು.

ಈ ಬೆಲ್ಟಿನ ಹೆಸರು ವಿ ಬೆಲ್ಟ್. ಮೇಲೆ ಅಗಲ, ಕೆಳಗೆ ಕಿರಿದು. ಪುಲ್ಲಿಯ ಹಳ್ಳವೂ ಹಾಗೆಯೇ ಇದೆ. ಬೆಲ್ಟಿನ ಎರಡು ಪಕ್ಕಗಳು ಹಳ್ಳದ ಎರಡು ಪಕ್ಕಗಳನ್ನು ಒತ್ತಿ ಹಿಡಿಯುತ್ತವೆ. ಮರದ ಸಂದಿಗೆ ಬೆಣೆ ಹೊಡೆದ ಹಾಗೆ. ಬೆಲ್ಟಿನ ತಳ ಹಳ್ಳದ ತಳಕ್ಕೆ ತಾಗಬಾರದು. ತಾಗಿದರೆ ಹಿಡಿತ ಹೋಯಿತು, ಬೆಲ್ಟು ಜಾರುತ್ತದೆ. ನಮ್ಮ ಮಿಲ್ಲಿನಲ್ಲಿ ಆದದ್ದು ಇದೇ.

ಅಕ್ಷರ ಏನು ಹೇಳುತ್ತದೆ?

ಅಕ್ಷರ ಬೆಲ್ಟಿನ ಅಗಲ ಮತ್ತು ದಪ್ಪ ಹೇಳುತ್ತದೆ. ಮಿಲಿಮೀಟರ್ ಲೆಕ್ಕದಲ್ಲಿ ಹೀಗಿದೆ:

ಎ ಬೆಲ್ಟು: ಮೇಲಿನ ಅಗಲ 13, ದಪ್ಪ 8.
ಬಿ ಬೆಲ್ಟು: ಮೇಲಿನ ಅಗಲ 17, ದಪ್ಪ 11.
ಸಿ ಬೆಲ್ಟು: ಮೇಲಿನ ಅಗಲ 22, ದಪ್ಪ 14.

ಇವು ಇಂಗ್ಲಿಷ್ ಅಕ್ಷರಗಳು. ಗುರುತು ಹಿಡಿಯುವುದು ಕಷ್ಟವಲ್ಲ.

ಎ: ಎರಡು ಕೋಲುಗಳು ತಲೆ ಸೇರಿಸಿ ನಿಂತಿವೆ. ನಡುವೆ ಒಂದು ಅಡ್ಡ ಪಟ್ಟಿ.
ಬಿ: ಎಡಕ್ಕೆ ಒಂದು ನೆಟ್ಟನೆಯ ಗೆರೆ. ಬಲಕ್ಕೆ ಎರಡು ಹೊಟ್ಟೆ.
ಸಿ: ಕುಡುಗೋಲಿನ ಹಾಗೆ ಬಾಗಿದೆ. ಬಲಕ್ಕೆ ಬಾಯಿ ತೆರೆದಿದೆ.

ಒಂದು ಎಚ್ಚರಿಕೆ. ಬಿ ಅಕ್ಷರವೂ 8ರ ಅಂಕಿಯೂ ಒಂದೇ ಥರ ಕಾಣುತ್ತವೆ. ಎಡಗಡೆ ನೋಡಿ. ಗೆರೆ ನೆಟ್ಟಗಿದ್ದರೆ ಬಿ. ಎರಡೂ ಕಡೆ ಗುಂಡಗಿದ್ದರೆ 8.

ಪಕ್ಕದಲ್ಲಿ ಇನ್ನೊಂದು ಅಕ್ಷರ ಇದ್ದರೆ ಅದನ್ನೂ ಬರೆದುಕೊಳ್ಳಿ. ಅದು ಬೇರೆ ಜಾತಿಯ ಬೆಲ್ಟು ಇರಬಹುದು.

ಅಂಕಿ ಏನು ಹೇಳುತ್ತದೆ?

ಅಕ್ಷರದ ಮುಂದಿನ ಅಂಕಿ ಉದ್ದ ಹೇಳುತ್ತದೆ. ಅದು ಬೆಲ್ಟಿನ ಒಳ ಸುತ್ತಳತೆ. ಲೆಕ್ಕ ಇಂಚಿನಲ್ಲಿ. ಬಿ 64 ಅಂದರೆ ಒಳಗಿನ ಸುತ್ತು 64 ಇಂಚು. ಅಂದರೆ 5 ಅಡಿ 4 ಇಂಚು. ಬಟ್ಟೆ ಹೊಲಿಯುವವರ ಟೇಪು 60 ಇಂಚು ಇರುತ್ತದೆ. ಒಂದು ಟೇಪು ಪೂರ್ತಿ, ಮತ್ತೆ 4 ಇಂಚು. ಅಷ್ಟೇ.

ಕೆಲವು ಬೆಲ್ಟಿನ ಮೇಲೆ ಮಿಲಿಮೀಟರ್ ಅಳತೆಯೂ ಇರುತ್ತದೆ. ಅದು ದೊಡ್ಡ ಅಂಕಿ. ಅದನ್ನು ನೋಡಿ ಗಾಬರಿ ಬೇಡ. ಇದ್ದದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಅಕ್ಷರ ಅಳಿಸಿ ಹೋಗಿದ್ದರೆ?

ಆಗ ನಾವೇ ಅಳೆಯಬೇಕು.

ಮೊದಲು ಅಗಲ ನೋಡಿ. ಬೆಲ್ಟಿನ ಮೇಲಿನ ಅಗಲಕ್ಕೆ ಸ್ಕೇಲು ಇಡಿ. ಹಳೆಯ ಬೆಲ್ಟು ಸ್ವಲ್ಪ ಸವೆದಿರುತ್ತದೆ. 16 ಮಿಲಿಮೀಟರ್ ಕಂಡರೆ ಅದು ಬಿ ಬೆಲ್ಟು ಎಂದು ತಿಳಿಯಿರಿ.

ಆಮೇಲೆ ಉದ್ದ. ಹರಿದ ಎರಡು ತುದಿಗಳನ್ನು ಸೇರಿಸಿ ಬಳೆಯ ಹಾಗೆ ಮಾಡಿ. ಒಬ್ಬರು ಹಿಡಿದುಕೊಳ್ಳಿ. ಇನ್ನೊಬ್ಬರು ಒಳಗಡೆ ಸುತ್ತಲೂ ದಾರ ಹಾಯಿಸಿ. ದಾರವನ್ನು ಟೇಪಿನಲ್ಲಿ ಅಳೆಯಿರಿ.

ಬೆಲ್ಟು ಹರಿದಿರದಿದ್ದರೆ ಹೊರಗಿನ ಸುತ್ತನ್ನು ಅಳೆಯುವುದು ಸುಲಭ. ಆದರೆ ಹೊರ ಸುತ್ತು ಒಳ ಸುತ್ತಿಗಿಂತ ದೊಡ್ಡದು. ಎ ಬೆಲ್ಟಾದರೆ ಸುಮಾರು 2 ಇಂಚು ಕಳೆಯಿರಿ. ಬಿ ಬೆಲ್ಟಾದರೆ ಸುಮಾರು ಎರಡೂಮುಕ್ಕಾಲು ಇಂಚು ಕಳೆಯಿರಿ.

ಬೆಲ್ಟೇ ಇಲ್ಲದಿದ್ದರೆ ಏನು ಮಾಡೋದು? ಎರಡು ಪುಲ್ಲಿಗಳ ಹಳ್ಳದಲ್ಲಿ ಹಗ್ಗ ಸುತ್ತಿ ಅಳೆಯಿರಿ. ಇದು ಅಂದಾಜು. ಒಂದೆರಡು ಇಂಚು ಹೆಚ್ಚುಕಡಿಮೆ ಆಗಬಹುದು. ಮೋಟಾರಿನ ಬುಡದ ಬೋಲ್ಟು ಸಡಿಲಿಸಿದರೆ ಮೋಟಾರು ಹಿಂದೆ ಮುಂದೆ ಜರುಗುತ್ತದೆ. ಅದನ್ನು ನಡುವಿಗೆ ತಂದು ಆಮೇಲೆ ಅಳೆಯಿರಿ.

ಅಂಗಡಿಯಲ್ಲಿ

ಮೇಸ್ತ್ರಿ ಹೇಳಿದ ಮೇಲೆ ನಾವು ಮೂರು ಅಂಗಡಿಗೆ ಹೋದೆವು. ಚೀಟಿ ತೋರಿಸಿದೆವು. "ಬಿ 64. ಎರಡು ಬೇಕು. ಬೆಲೆ ಎಷ್ಟು?" ಅಂದೆವು. ಮೂರು ಅಂಗಡಿಯಲ್ಲಿ ಮೂರು ಬೆಲೆ. ಒಂದು ಕಡೆ, "ಮಿಲ್ಲಿನ ಕಂಪನಿ ಬೆಲ್ಟೇ ಹಾಕಬೇಕು, ತರಿಸಲು ವಾರ ಆಗುತ್ತದೆ," ಅಂದರು. ಆದರೆ ಅಕ್ಷರ ಅಂಕಿ ಒಂದೇ ಇದ್ದರೆ ಬೇರೆ ಒಳ್ಳೆಯ ಕಂಪನಿಯ ಬೆಲ್ಟೂ ಅದೇ ಪುಲ್ಲಿಗೆ ಕೂರುತ್ತದೆ. ಇದು ಗೊತ್ತಿದ್ದರೆ ಕಡಿಮೆ ಬೆಲೆಯ ಒಳ್ಳೆ ಬೆಲ್ಟು ಹುಡುಕಬಹುದು.

ತೀರಾ ಅಗ್ಗದ್ದಕ್ಕೂ ಬೀಳಬಾರದು. ಬೆಲ್ಟನ್ನು ಕೈಯಲ್ಲಿ ಹಿಡಿದು ನೋಡಿ. ಕಂಪನಿಯ ಹೆಸರು ಸ್ಪಷ್ಟ ಇದೆಯೇ? ಬಿರುಕು ಇದೆಯೇ? ಬಹಳ ದಿನ ಬಿಸಿಲಿಗೆ ನೇತು ಹಾಕಿದ್ದೇ? ಐ.ಎಸ್. 2494 ಎಂದು ಇದೆಯೇ? ಇಂಥ ಬೆಲ್ಟಿನ ಭಾರತೀಯ ಮಾನಕದ ಸಂಖ್ಯೆ ಅದು.

ಬೆಲ್ಟಿಗೆ ಸುತ್ತಿದ ಪಟ್ಟಿಯ ಮೇಲೆ ಗರಿಷ್ಠ ಬೆಲೆ ಅಚ್ಚಾಗಿದ್ದರೆ ಓದಿ. ಅದಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ. ಕಡಿಮೆಗೆ ಕೇಳಬಹುದು. ಬಿಲ್ಲು ತೆಗೆದುಕೊಳ್ಳಿ. ಬಿಲ್ಲಿನಲ್ಲಿ ಬೆಲ್ಟಿನ ಅಕ್ಷರ, ಅಂಕಿ ಬರೆಸಿ. ಬಿ 64 ಕೇಳಿ ಬೇರೆ ಬಂದರೆ ಬಿಲ್ಲು ತೋರಿಸಿ ಬದಲಾಯಿಸಿಕೊಳ್ಳಬಹುದು. ಮೋಸ ಆದರೆ 1915 ಎಂಬ ನಂಬರಿಗೆ ಫೋನು ಮಾಡಿ. ಅದು ಗ್ರಾಹಕರ ಸಹಾಯವಾಣಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ನಮ್ಮ ಕಡೆಗಿದೆ.

ಒಂದೇ ಹರಿದರೂ ಎರಡೂ ಏಕೆ?

ಎರಡು ಬೆಲ್ಟು ಇರುವ ಯಂತ್ರದಲ್ಲಿ ಒಂದು ಹರಿದರೆ ಎರಡನ್ನೂ ಬದಲಾಯಿಸಬೇಕು. ಇದು ದಂಡದ ಖರ್ಚು ಎನಿಸಬಹುದು. ಅಲ್ಲ. ಹಳೆಯ ಬೆಲ್ಟು ಎಳೆದು ಉದ್ದ ಆಗಿರುತ್ತದೆ. ಹೊಸದು ಬಿಗಿ ಇರುತ್ತದೆ. ಎಲ್ಲ ಭಾರವೂ ಹೊಸದರ ಮೇಲೆ ಬೀಳುತ್ತದೆ. ಅದೂ ಬೇಗ ಹೋಗುತ್ತದೆ. ಎರಡೂ ಒಂದೇ ಕಂಪನಿಯದು ಇರಲಿ. ಒಂದೇ ದಿನ ಕೊಳ್ಳಿ.

ಹಾಕುವಾಗ ಜೋಕೆ

ಈ ಕೆಲಸದಲ್ಲಿ ಬೆರಳು ಕಳೆದುಕೊಳ್ಳಬಾರದು. ಸ್ವಿಚ್ಚು ಆರಿಸಿದರೆ ಸಾಲದು. ಫ್ಯೂಸು ತೆಗೆದು ಕೈಯಲ್ಲಿ ಇಟ್ಟುಕೊಳ್ಳಿ. ಪುಲ್ಲಿ ಪೂರಾ ನಿಲ್ಲುವ ತನಕ ಮುಟ್ಟಬೇಡಿ.

1. ಮೋಟಾರಿನ ಬೋಲ್ಟು ಸಡಿಲಿಸಿ. ಮೋಟಾರನ್ನು ಮಿಲ್ಲಿನ ಕಡೆಗೆ ತಳ್ಳಿ.
2. ಬೆಲ್ಟನ್ನು ಕೈಯಿಂದಲೇ ಹಳ್ಳಕ್ಕೆ ಕೂರಿಸಿ. ಕಬ್ಬಿಣದ ಸರಳು ತೂರಿಸಿ ಏರಿಸಬೇಡಿ. ಒಳಗಿನ ನೂಲು ಹರಿಯುತ್ತದೆ.
3. ಎರಡು ಪುಲ್ಲಿಗಳ ಮುಖಕ್ಕೆ ದಾರ ಎಳೆದು ಹಿಡಿಯಿರಿ. ಎರಡೂ ಒಂದೇ ಸಾಲಿನಲ್ಲಿ ಇರಬೇಕು. ಓರೆ ಇದ್ದರೆ ಬೆಲ್ಟು ಒಂದು ಪಕ್ಕ ಸವೆಯುತ್ತದೆ.
4. ಮೋಟಾರನ್ನು ಹಿಂದಕ್ಕೆ ಎಳೆದು ಬೋಲ್ಟು ಬಿಗಿ ಮಾಡಿ.
5. ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿ. ಪುಲ್ಲಿಗಳ ನಡುವೆ ಒಂದು ಮೀಟರ್ ಇದ್ದರೆ ಸುಮಾರು ಒಂದೂವರೆ ಸೆಂಟಿಮೀಟರ್ ತಗ್ಗಬೇಕು. ಅರ್ಧ ಮೀಟರ್ ಇದ್ದರೆ ಮುಕ್ಕಾಲು ಸೆಂಟಿಮೀಟರ್ ಸಾಕು.

ಸಡಿಲ ಇದ್ದರೆ ಬೆಲ್ಟು ಜಾರುತ್ತದೆ. ತೀರಾ ಬಿಗಿ ಇದ್ದರೆ ಬೇರಿಂಗು ಕೆಡುತ್ತದೆ. ಹೊಸ ಬೆಲ್ಟು ಒಂದು ದಿನ ಓಡಿದ ಮೇಲೆ ಸ್ವಲ್ಪ ಸಡಿಲ ಆಗುತ್ತದೆ. ಮತ್ತೆ ಒಮ್ಮೆ ಬಿಗಿ ಮಾಡಿ. ಬೆಲ್ಟಿಗೆ ಎಣ್ಣೆ, ಗ್ರೀಸು ಸೋಕಬಾರದು.

ಕೊನೆಗೆ ಬೆಲ್ಟಿನ ಮುಂದಿನ ಜಾಲರಿಯನ್ನು ಮತ್ತೆ ಹಾಕಿ. ಜಾಲರಿ ಇಲ್ಲದೆ ಮಿಲ್ಲು ಓಡಿಸಲೇಬಾರದು. ಸೆರಗು, ಜಡೆ, ಬಳೆ, ಎಲ್ಲವನ್ನೂ ಬೆಲ್ಟು ಎಳೆದುಕೊಳ್ಳುತ್ತದೆ. ಕೊಡವ ರೀತಿಯಲ್ಲಿ ಸೀರೆ ಉಟ್ಟರೆ ನೆರಿಗೆ ಬೆನ್ನ ಕಡೆ ಇರುತ್ತದೆ. ಬೆಲ್ಟಿಗೆ ಬೆನ್ನು ತಿರುಗಿಸಿ ನಿಂತರೆ ನೆರಿಗೆ ಎಲ್ಲಿದೆ ಎಂದು ನಮಗೆ ಕಾಣುವುದಿಲ್ಲ. ಸೆರಗು ಸಿಕ್ಕಿಸಿ, ಜಡೆ ಕಟ್ಟಿ, ದೂರ ನಿಲ್ಲಿ.

ಮಿಲ್ಲು ಓಡಿತು

ಸೆಪ್ಟೆಂಬರ್ 1ರ ಬೆಳಿಗ್ಗೆ ಮಿಲ್ಲು ಓಡಿತು. ಬೆಲ್ಟು ಜಾರಲಿಲ್ಲ. ವಾಸನೆ ಬರಲಿಲ್ಲ. ಎರಡು ದಿನ ರಾತ್ರಿ ತನಕ ತರಿ ಮಾಡಿದೆವು. ಕೆಲವರು ಬೇರೆ ಊರಿನ ಮಿಲ್ಲಿಗೆ ಹೋಗಿ ಆಗಿತ್ತು. ಉಳಿದವರ ಚೀಲ ಖಾಲಿ ಆಯಿತು. ಹಬ್ಬದ ದಿನ ನಮ್ಮ ಮಿಲ್ಲಿಗೂ ಹೂವು ಇಟ್ಟೆವು.

ಆಮೇಲೆ ಒಂದು ಕೆಲಸ ಮಾಡಿದೆವು. ಮಿಲ್ಲಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದೆವು: "ಬೆಲ್ಟ್ ಬಿ 64, ಎರಡು." ಕೆಳಗೆ ಹಾಕಿದ ತಾರೀಕು ಬರೆದೆವು. ಬಿರುಕು ಬಿಟ್ಟ ಹಳೆಯ ಬೆಲ್ಟನ್ನು ಅಳತೆಗೆಂದು ಇಟ್ಟುಕೊಂಡೆವು. ಮುಂದಿನ ತಿಂಗಳು ಹೊಸದು ಎರಡು ಕೊಂಡು ಒಣ ಜಾಗದಲ್ಲಿ ಇಟ್ಟೆವು. ಮಡಚಿ ಕಟ್ಟಿಲ್ಲ. ಬಿಸಿಲಿಗೆ ಇಟ್ಟಿಲ್ಲ. ಇಲಿ ಹೋಗದ ಡಬ್ಬದಲ್ಲಿದೆ.

ಗೋಡೆಯ ಮೇಲೆ ಆ ಅಕ್ಷರ ಬರೆದದ್ದು ನಮ್ಮ ಹಿರಿಯಕ್ಕ. ಮೊಮ್ಮಗಳ ಪುಸ್ತಕದಲ್ಲಿ ಬಿ ಕಂಡವರು. ಬರೆಯುವಾಗ ಕೈ ನಡುಗಿತು. ಎರಡು ಹೊಟ್ಟೆಯಲ್ಲಿ ಒಂದು ದೊಡ್ಡದಾಯಿತು, ಒಂದು ಸಣ್ಣದಾಯಿತು. ಓದಲು ಏನೂ ತೊಂದರೆ ಇಲ್ಲ.

ಹೊಸ ಪದಗಳು

ಪುಲ್ಲಿ: ಬೆಲ್ಟು ಸುತ್ತುವ ಗಾಲಿ
ಲೇತ್: ಕಡೆಯುವ ಯಂತ್ರ
ಸುತ್ತಳತೆ: ಒಂದು ಸುತ್ತಿನ ಉದ್ದ
ಮಾನಕ: ಎಲ್ಲರೂ ಒಪ್ಪಿದ ಅಳತೆ, ಗುಣಮಟ್ಟ
ಗರಿಷ್ಠ ಬೆಲೆ: ಇದಕ್ಕಿಂತ ಹೆಚ್ಚು ಕೇಳಬಾರದ ಬೆಲೆ

ಓದಿ, ಉತ್ತರ ಹೇಳಿ

1. ಮೊದಲು ತಂದ ಬೆಲ್ಟು ಏಕೆ ಜಾರಿತು?
2. ಬಿ 64 ಎಂಬುದರಲ್ಲಿ ಬಿ ಏನು ಹೇಳುತ್ತದೆ? 64 ಏನು ಹೇಳುತ್ತದೆ?
3. ಒಂದು ಬೆಲ್ಟು ಹರಿದರೂ ಎರಡನ್ನೂ ಏಕೆ ಬದಲಾಯಿಸಬೇಕು?
4. ಬೆಲ್ಟು ಮುಟ್ಟುವ ಮೊದಲು ಏನೇನು ಮಾಡಬೇಕು?

ಲೆಕ್ಕ ಮಾಡಿ (ಇಲ್ಲಿರುವ ಬೆಲೆಗಳು ಉದಾಹರಣೆಗೆ ಮಾತ್ರ)

1. ಒಂದು ಅಂಗಡಿಯಲ್ಲಿ ಬೆಲ್ಟಿಗೆ 340 ರೂಪಾಯಿ. ಇನ್ನೊಂದರಲ್ಲಿ 310 ರೂಪಾಯಿ. ಎರಡು ಬೆಲ್ಟು ಕೊಂಡರೆ ಎಷ್ಟು ಉಳಿಯುತ್ತದೆ?
2. ಒಂದು ಮಿಲ್ಲಿನಲ್ಲಿ ದಿನಕ್ಕೆ 40 ಕಿಲೋ ಬೀಸುತ್ತಾರೆ. ಕಿಲೋಗೆ 5 ರೂಪಾಯಿ. ಮಿಲ್ಲು 3 ದಿನ ನಿಂತರೆ ಎಷ್ಟು ಆದಾಯ ಹೋಗುತ್ತದೆ? ಆ ದುಡ್ಡಿನಲ್ಲಿ 300 ರೂಪಾಯಿಯ ಬೆಲ್ಟು ಎಷ್ಟು ಬರುತ್ತಿತ್ತು?

ಮಾಡಿ ನೋಡಿ

ನಿಮ್ಮ ಊರಿನ ಮಿಲ್ಲಿಗೆ ಹೋಗಿ. ಯಂತ್ರ ನಿಂತಿರುವಾಗ, ಅಲ್ಲಿಯವರನ್ನು ಕೇಳಿ, ಬೆಲ್ಟಿನ ಬೆನ್ನಿನ ಮೇಲೆ ಇರುವುದನ್ನು ಓದಿ. ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಮನೆಯಲ್ಲಿ ಗ್ಯಾಸ್ ಸಿಲಿಂಡರು, ಔಷಧಿ ಪಟ್ಟಿ, ಗೊಬ್ಬರದ ಚೀಲ ಇದ್ದರೆ ಅವುಗಳ ಮೇಲೂ ಓದಿ. ಏನೇನು ಬರೆದಿದೆ ಎಂದು ಮುಂದಿನ ಪಾಠದ ದಿನ ಎಲ್ಲರಿಗೂ ಹೇಳಿ.